ಮೆದುಳಿಗೆ ಮದ್ದು ಹೋಗುತ್ತಾ? ಲ್ಯಾಬಿನ ಕೋಶಗಳ ಮಾತು ನಂಬಬಹುದೇ?

ಪರ

ಲ್ಯಾಬಿನ ಕೋಶಗಳ ಪರವಾಗಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಮೆದುಳಿನ ರಕ್ತನಾಳದ ಗೋಡೆ ಬಲು ಬಿಗಿ. ಪಾರ್ಕಿನ್ಸನ್ ರೋಗಿಯ ಮೆದುಳಿನಲ್ಲಿ ಕಡಿಮೆಯಾಗುವ ಡೋಪಮೈನ್ ಎಂಬ ರಾಸಾಯನಿಕ ಕೊಟ್ಟರೆ ಹೊರಗೇ ಉಳಿಯುತ್ತದೆ, ಮೆದುಳಿನಲ್ಲಿ ಅದೇ ಆಗಿ ಬದಲಾಗುವ ಲೆವೊಡೋಪಾ ಕೊಟ್ಟರೆ ಒಳಗೆ ಹೋಗುತ್ತದೆ. ಹೊಸ ಮದ್ದಿನ ಕಥೆ ಏನು? ತಿಳಿಯಲು ಸಣ್ಣ ಸಣ್ಣ ತೂತುಗಳಿರುವ ಪೊರೆಯ ಮೇಲೆ ನಾಳದ ಗೋಡೆಯ ಕೋಶಗಳನ್ನು ಬೆಳೆಸುತ್ತಾರೆ. ಮೇಲೆ ಮದ್ದು ಹಾಕಿ, ಕೆಳಗೆ ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಒಂದೇ ದಿನದಲ್ಲಿ ಹತ್ತಾರು ಮದ್ದು ನೋಡಬಹುದು, ಇಲಿ ಕೊಲ್ಲಬೇಕಿಲ್ಲ. 2005ರಲ್ಲಿ ಬಂದ ಡಿ3 ಕೋಶಗಳಂತೂ ಮನುಷ್ಯನ ಮೆದುಳಿನ ನಾಳದಿಂದಲೇ ತೆಗೆದವು. ಇಲಿಯ ಮೆದುಳು ನಮ್ಮದಲ್ಲ, ಅಲ್ವಾ? ಕೊನೆಯ ತೀರ್ಪಿಗೆ ಇದೇ ಸಾಕೇ ಎಂದು ಕೇಳಬೇಡಿ. ಮೊದಲ ಜರಡಿಗೆ ಸಾಕು.

ವಿರೋಧ

ಜರಡಿ! ಸರಿಯಾದ ಪದವನ್ನೇ ಹುಡುಕಿದ್ದಾರೆ.

ಗೋಡೆ ಎಷ್ಟು ಬಿಗಿ ಎಂದು ನೋಡಲು ಅದರ ವಿದ್ಯುತ್ ತಡೆ ಅಳೆಯುತ್ತೇವೆ. ನಮ್ಮ ಭಾಷೆಯಲ್ಲಿ ಟೀರ್. ಜೀವಂತ ಇಲಿಯ ಮೆದುಳಿನ ನಾಳದಲ್ಲಿ ಅದು 1000 ಓಮ್ ಚದರ ಸೆಂಟಿಮೀಟರ್ ದಾಟುತ್ತದೆ. ಆ ಡಿ3 ಕೋಶಗಳಲ್ಲಿ ಸಾಮಾನ್ಯವಾಗಿ 30ರಿಂದ 50. ಇದನ್ನು ಗೋಡೆ ಎನ್ನುವುದಾದರೆ ಸೊಳ್ಳೆಪರದೆಯೂ ಗೋಡೆಯೇ.

ಈ ಪೊರೆಗಳನ್ನು ನಾನು ಎರಡು ವರ್ಷ ಕಾದಿದ್ದೇನೆ. ಟೀರ್ ಅಳೆಯುವ ಎಲೆಕ್ಟ್ರೋಡಿಗೆ ಎರಡು ಕಡ್ಡಿ, ಒಂದು ಉದ್ದ, ಒಂದು ಗಿಡ್ಡ. ಕೈ ಸ್ವಲ್ಪ ವಾಲಿದರೆ ಅಂಕಿ ಬದಲು. ಒಂದು ಸಂಜೆ ಪ್ಲೇಟಿನ ಒಂದೇ ಒಂದು ಗುಳಿಯಲ್ಲಿ ತಡೆ ಉಳಿದೆಲ್ಲಕ್ಕಿಂತ ಜಾಸ್ತಿ ಬಂತು. ಮೂರು ಸಲ ಅಳೆದೆ, ಅಷ್ಟೇ ಬಂತು. ಕುಣಿದಾಡಿದೆ, ಮನೆಗೆ ಫೋನ್ ಕೂಡ ಮಾಡಿದೆ. ಬೆಳಿಗ್ಗೆ ಪ್ಲೇಟ್ ಎತ್ತಿ ಅಡಿಯಿಂದ ನೋಡಿದರೆ, ಪೊರೆಗೆ ಅಂಟಿಕೊಂಡು ಒಂದು ಗಾಳಿಗುಳ್ಳೆ. ಗುಳ್ಳೆ ತೆಗೆದೆ, ಗೋಡೆ ಬಿತ್ತು.

2012ರಲ್ಲಿ ಕಾಂಡಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳು) ಮಾಡಿದ ಪದರಗಳ ಟೀರ್ ಸಾವಿರ ದಾಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಜೀನ್‌ಗಳನ್ನು ನೋಡಿದವರು, ಇವು ರಕ್ತನಾಳದ ಕೋಶಗಳಿಗಿಂತ ಚರ್ಮ, ಕರುಳುಗಳ ಮೇಲ್ಮೈ ಮುಚ್ಚುವಂಥ ಹೊರಪದರದ ಕೋಶಗಳನ್ನೇ ಹೆಚ್ಚು ಹೋಲುತ್ತವೆ ಎಂದರು.

ಇಲಿ ಮನುಷ್ಯನಲ್ಲವಂತೆ. ಪ್ಲಾಸ್ಟಿಕ್ ಬಟ್ಟಲು ಮನುಷ್ಯನೇ? ನಾಳದ ಗೋಡೆಯಲ್ಲಿ ಮದ್ದನ್ನು ಹಿಡಿದು ವಾಪಸ್ ರಕ್ತಕ್ಕೆ ತಳ್ಳುವ ಪಂಪುಗಳಿವೆ. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಬಳಗದ ಮದ್ದು. ಆದರೂ ತಲೆಗೇರುವುದಿಲ್ಲ, ಪಂಪು ಬಿಡುವುದಿಲ್ಲ. ಈ ಪಂಪಿನ ಬೆಲೆ ಗೊತ್ತಾದದ್ದು ಹೇಗೆ? ಜೀನ್ ಕೆಡಿಸಿ ಆ ಪಂಪೇ ಇಲ್ಲದಂತೆ ಮಾಡಿದ ಇಲಿಗಳಿಗೆ ನುಸಿ ಹತ್ತಿತ್ತು, ಸುಮ್ನೆ ಐವರ್ಮೆಕ್ಟಿನ್ ಸಿಂಪಡಿಸಿದರು. ಮಾಮೂಲಿ ಇಲಿಗಳಿಗೆ ಏನೂ ಆಗದ ಮದ್ದು ಅದು. ಮದ್ದು ಮೆದುಳಿಗೇರಿ ಇವು ಸತ್ತವು. 1994ರಲ್ಲಿ ಅದು ಪ್ರಕಟವಾಯಿತು. ಹೇಳಿದ್ದು ಇಲಿ, ಪೊರೆಯಲ್ಲ.