ಕನಸು ಕಾಣ್ರಿ, ಮ್ಯಾಪಿಂಗ್ ಆಮೇಲೆ ನೋಡೋಣು

ವಿಜಯಪುರದಾಗ ಮತ್ತೊಂದು 'ಉನ್ನತ ಶಿಕ್ಷಣ ಪ್ರೇರಣಾ' ಸಮಾರಂಭ ಮುಗೀತಂತ. ಫೋಟೋ ನೀವೂ ನೋಡಿರ್ತೀರಿ. ಶಾಮಿಯಾನಾ ವೇದಿಕೆಗೆ, ಬಿಸಿಲು ಮಕ್ಕಳಿಗೆ. "ದೊಡ್ಡ ಕನಸು ಕಾಣ್ರಿ" ಎಂದು ಅತಿಥಿಗಳು ಅಂದದ್ದೇ ತಡ, ಹಿಂದಿನ ಸಾಲಿನ ಹುಡುಗರು ಕೂತಲ್ಲೇ ತೂಕಡಿಸಿ ಕಂಡೂ ಮುಗಿಸಿದರು.

ಅತಿಥಿಗಳಿಗೆ ಹೊದಿಸಿದ ಶಾಲುಗಳ ಬಗ್ಗೆ ಒಂದು ಮಾತು. ಧಗೆಯಲ್ಲಿ ಹದಿನಾಲ್ಕು ಮಂದಿ ಶಾಲು ಹೊದ್ದು ನಗುತ್ತ ನಿಲ್ಲುವುದು ಸಣ್ಣ ತಪಸ್ಸಲ್ಲ. ಸಂಜೆಗೆ ಅವು ಕಾರಿನ ಹಿಂದಿನ ಸೀಟಿಗೆ, ಅಲ್ಲಿಂದ ಮುಂದಿನ ಸಮಾರಂಭಕ್ಕೆ. ಎಷ್ಟು ಭುಜ ಕಂಡಿವೆಯೋ!

ತಾಂಡಾದ ಮಕ್ಕಳಿಗೆ ಕನಸಿನ ಕೊರತೆ ಎಂದು ಪತ್ತೆ ಹಚ್ಚಿದವರಿಗೆ ಗೌರವ ಡಾಕ್ಟರೇಟ್ ಕೊಡಲೇಬೇಕು. ಇಲ್ಲೇ ಪಕ್ಕದ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ, 2003ರಿಂದ. ಹುಡುಗಿಗೆ ಬಸ್ಸೂ ಪುಕ್ಕಟೆ. ಇನ್ನೇನು, ಕನಸೊಂದು ಬಾಕಿ!

ಎಂಟನೇ ತರಗತಿಯ ಹುಡುಗಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಬರೆದಳು. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಪಾಸೂ ಆದಳು. ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಆದರೆ ಶಾಲೆಯ ದಾಖಲೆಯಲ್ಲಿ 'ಶ್ರೀದೇವಿ'ಗೆ ಇಂಗ್ಲಿಷಿನ ಎರಡು 'ಇ', ಆಧಾರಿನಲ್ಲಿ ಒಂದು 'ಐ'. ಅರ್ಜಿ ಅಲ್ಲೇ ನಿಂತಿತು. ತಿದ್ದಿಸಿಕೊಂಡು ಬ್ಯಾಂಕಿಗೆ ಹೋದರೆ "ಆಧಾರ್ ಲಿಂಕ್ ಆಗೇತಿ, ಹೋಗ್ರಿ." ಆಗಿದೆ, ಖಾತೆಗೆ. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರಿನ ಸರ್ಕಾರಿ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಾಗುವುದು, ಬೇರೆಯೇ ಕತೆ. ಅದಕ್ಕೆ ಬೇರೆ ಒಪ್ಪಿಗೆ ಪತ್ರ ಕೊಡಬೇಕು, ಅದು ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಆಧಾರಿಗೆ ಒಂದೇ ಬ್ಯಾಂಕು. ಕೊನೆಯ ಸಲ ಎಲ್ಲಿ ಮ್ಯಾಪ್ ಮಾಡಿಸಿದ್ದೀರೋ ದುಡ್ಡು ಅಲ್ಲಿಗೇ. ಯಾವಾಗಲೋ ಯಾರೋ ತೆರೆಸಿದ ಹಳೇ ಖಾತೆಗೆ ಮ್ಯಾಪ್ ಆಗಿದ್ದರೆ, ಅದೂ ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ, ಮುಗೀತು. ಒಂಬತ್ತನೇ ತರಗತಿಯ ಹುಡುಗಿ ಏನು ವ್ಯವಹಾರ ಮಾಡಬೇಕಿತ್ತು, ಷೇರು ಪೇಟೆಯಲ್ಲೇ?

ಮೂರು ಸಲ ಬ್ಯಾಂಕಿಗೆ ಬಂದದ್ದಕ್ಕೆ ಅವ್ವನ ಮೂರು ದಿನದ ಕೂಲಿ ಹೋಯಿತು. ಅಷ್ಟರಲ್ಲಿ ಅರ್ಜಿ ಹಾಕುವ ಪೋರ್ಟಲ್ ಮುಚ್ಚಿತು. ಇದು ಕನಸಿನ ಕೊರತೆಯಲ್ಲ. ಇದಕ್ಕೆ ಭಾಷಣ ಬೇಡ. ಶಾಲೆಯಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಬ್ಯಾಂಕಿನ ಒಬ್ಬ ಮನುಷ್ಯ, ಅರ್ಧ ದಿನ ಸಾಕು. ವರ್ಷವರ್ಷ ಹೇಳಿ ಸಾಕಾಗಿದೆ.

ಮುಂದಿನ ಸಲ ಬರುವಾಗ ಶಾಲು ಬ್ಯಾಡ್ರಿ ಸಾಹೇಬ್ರ. ಮ್ಯಾಪಿಂಗ್ ಫಾರ್ಮ್ ತರ್ರಿ. ಪೆನ್ನು ನಾವೇ ಕೊಡ್ತೀವಿ.