ಗೋಡೆ ಎಲ್ಲಿಗೆ ಹೋಗತ್ತೆ ಸಾರ್?

ನಮ್ಮ ಹೊಸ ರೂಮಿನ ಫ್ಯಾನು ಬೀರುವಿನ ನೆತ್ತಿ ಮೇಲೆ ತಿರುಗುತ್ತದೆ. ನಿನ್ನೆ ಸಂಜೆ ಸ್ವಿಚ್ ಹಾಕಿ ನೋಡಿದೆವು. ಮಂಚಕ್ಕೆ ಒಂದು ಎಳೆ ಗಾಳಿ ಇಲ್ಲ. ಒಳಗಿರುವ ರೇಷ್ಮೆ ಸೀರೆಗಳು ತಣ್ಣಗಿರಬಹುದು. ಮಂಚವನ್ನೇ ಆ ಕಡೆ ಸರಿಸೋಣ ಅಂದರೆ ಅಲ್ಲಿ ಬಾತ್‌ರೂಮಿನ ಬಾಗಿಲು.

ಮೋಲ್ಡ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಬಂದು ಪೈಪು, ಫ್ಯಾನ್ ಬಾಕ್ಸ್ ಇಟ್ಟು ಹೋಗಬೇಕು. ಕಾಂಕ್ರೀಟ್ ಬಿದ್ದ ಮೇಲೆ ಮುಗೀತು. ಅವತ್ತು ಮಿಕ್ಸರ್ ಬಂತು, ಜಲ್ಲಿ ಬಂತು, ಬಾಂಡ್ಲಿ ಹೊರುವವರೂ ಬಂದರು. ಇವನೊಬ್ಬ ಇಲ್ಲ. ಮಿಕ್ಸರ್ ತಿರುಗೋಕೆ ಶುರುವಾದ ಮೇಲೆ ಓಡಿ ಬಂದು, ಹೆಲ್ಮೆಟ್ ಕೂಡ ತೆಗೆಯದೆ ಮೇಲೆ ಹತ್ತಿ, ಕಂಬಿ ನಡುವೆ ಎಲ್ಲೋ ಒಂದು ಕಡೆ ಬಾಕ್ಸ್ ಕಟ್ಟಿ ಇಳಿದ. ಆ ಎಲ್ಲೋ ಎಲ್ಲಿ ಅಂತ ಸೆಂಟ್ರಿಂಗ್ ಬಿಚ್ಚಿದ ಮೇಲೆ ಗೊತ್ತಾಯಿತು.

ಮಹಡಿ ಮೇಲೆ ಒಂದು ರೂಮು, ಒಂದು ಬಾತ್‌ರೂಮು, ಇಷ್ಟಕ್ಕೇ ನಾನು ಎಕ್ಸೆಲ್‌ನಲ್ಲಿ ಹಂತ ಹಂತವಾಗಿ ಪಟ್ಟಿ ಮಾಡಿ, ಬಣ್ಣ ತುಂಬಿ, ಪ್ರಿಂಟ್ ತೆಗೆದು ಮೇಸ್ತ್ರಿ ಕೈಗೆ ಕೊಟ್ಟಿದ್ದೆ. ಅವರು ಅದನ್ನು ತುಂಬ ಗೌರವದಿಂದ ನೋಡಿದರು. ಆಮೇಲೆ ನಾಲ್ಕಾಗಿ ಮಡಿಸಿ, ಅದರ ಮೇಲೆ ಎಲೆ ಅಡಿಕೆ ಹರವಿಕೊಂಡರು.

ಪಟ್ಟಿ ಪ್ರಕಾರ ಕೆಲಸ ಶುರುವಾಗಬೇಕಿದ್ದದ್ದು ಜುಲೈನಲ್ಲಿ. "ಆಷಾಢ ಸಾರ್, ಹೊಸ ಕೆಲಸಕ್ಕೆ ಕೈ ಹಾಕಬಾರದು" ಅಂದರು. ಅಡ್ವಾನ್ಸ್ ಇಸಕೊಳ್ಳೋದಕ್ಕೆ ಮಾತ್ರ ಆಷಾಢದ ದೋಷ ಇಲ್ಲವಂತೆ. ಶ್ರಾವಣ ಬಂದರೆ ಊರಿನವರೆಲ್ಲಾ ಒಟ್ಟಿಗೆ ಗುದ್ದಲಿ ಪೂಜೆ ಇಟ್ಟುಕೊಳ್ಳುತ್ತಾರೆ, ನಮ್ಮ ಆಳುಗಳು ಅಲ್ಲಿ. ಆಮೇಲೆ ಗೌರಿ ಗಣೇಶ, ಪಿತೃಪಕ್ಷ. ಇನ್ನು ಮೈಸೂರಲ್ಲಿ ಇದ್ದುಕೊಂಡು ದಸರಾದಲ್ಲಿ ಕರಣೆ ಹಿಡಿ ಅಂತ ಯಾರಿಗಾದರೂ ಹೇಳೋಕಾಗತ್ತಾ? ಆಯುಧಪೂಜೆ ದಿನ ಮಾತ್ರ ಫುಲ್ ಹಾಜರಿ. ನಾನು ಅದುವರೆಗೆ ನೋಡೇ ಇರದ ಆಳುಗಳೆಲ್ಲಾ ಬಂದು, ಕರಣೆ, ರಸಮಟ್ಟಕ್ಕೆ ಕುಂಕುಮ ಇಟ್ಟು, ಕಡ್ಲೆಪುರಿ ಪೊಟ್ಟಣ ತಗೊಂಡು ಹೋದರು.

ಇದನ್ನೆಲ್ಲಾ ಸಹಿಸಬಹುದು. ಸಹಿಸೋಕಾಗದ್ದು ಮೇಸ್ತ್ರಿಯ ಪೆನ್ಸಿಲ್ಲು.

ಅದು ಸದಾ ಅವರ ಕಿವಿ ಮೇಲೆ ಇರುತ್ತದೆ. ಬರೆಯೋದು ಮಾತ್ರ ನಮ್ಮ ಗೋಡೆ ಮೇಲೆ. ಒಂದು ನೋಟ್‌ಬುಕ್ ತಂದುಕೊಟ್ಟೆ. ಮಗಳ ಸ್ಕೂಲಿಗೆ ಬೇಕಾಗಿತ್ತು ಅಂತ ಥ್ಯಾಂಕ್ಸ್ ಹೇಳಿದರು. "ಬುಕ್ಕು ಕಳೆದುಹೋಗತ್ತೆ. ಗೋಡೆ ಎಲ್ಲಿಗೆ ಹೋಗತ್ತೆ ಸಾರ್?" ಹೀಗೆ ಮೆಟ್ಟಿಲ ಪಕ್ಕದ ಗೋಡೆ ತುಂಬ ಸಿಮೆಂಟ್ ಮೂಟೆ, ಎಂ-ಸ್ಯಾಂಡ್ ಲೋಡು, ಶನಿವಾರದ ಬಟವಾಡೆ. ಕಮೋಡ್ ಎಲ್ಲಿ ಬರತ್ತೆ ಅಂತ ಕೇಳಿದ್ದಕ್ಕೆ ದೇವರ ಮನೆ ಗೋಡೆ ಮೇಲೇ ನಕ್ಷೆ ಶುರು ಮಾಡಿದರು. "ಅಯ್ಯೋ ನಿಮ್ಮ, ಅಲ್ಲಲ್ಲ!" ಅಂತ ಅಮ್ಮ ಕೂಗಿಕೊಂಡಳು. ಮೇಸ್ತ್ರಿ ಕೆನ್ನೆ ಬಡಿದುಕೊಂಡು, ಒಂದಡಿ ಪಕ್ಕಕ್ಕೆ ಸರಿದು, ನಕ್ಷೆ ಮುಂದುವರಿಸಿದರು. ನಮ್ಮ ಲೆಕ್ಕದ ಕೆಳಗೆ ಹಿಂದಿನ ಬೀದಿಯವರ ಕಾಂಪೌಂಡ್ ಲೆಕ್ಕವೂ ಸೇರಿಕೊಂಡಿತ್ತು. ಒಂದು ಭಾನುವಾರ ಆ ಮನೆಯವರು ಕಾಫಿ ನೆಪದಲ್ಲಿ ಬಂದು, ಕನ್ನಡಕ ಹಾಕಿಕೊಂಡು, ತಮ್ಮದನ್ನು ಓದಿಕೊಂಡು ಹೋದರು. ಹೋಗುವಾಗ ನಮ್ಮದನ್ನೂ.

ಕೆಳಗಿನ ಮನೆ ಕಟ್ಟಿಸಿದಾಗ ಅಪ್ಪ ಮುಂದಕ್ಕಿರಲಿ ಅಂತ ಪಿಲ್ಲರ್ ಕಂಬಿಗಳನ್ನು ತಾರಸಿ ಮೇಲೆ ಎದೆಯೆತ್ತರ ಬಿಟ್ಟಿದ್ದರು. ಅಮ್ಮ ಅವಕ್ಕೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ತುಕ್ಕು ಉಜ್ಜಿ ಹೊಸ ಕಂಬಿ ಜೋಡಿಸಿದ ದಿನ ಹಗ್ಗ ಬಿಚ್ಚಿ, ಸುತ್ತಿಕೊಂಡು ಕೆಳಗಿಳಿದಳು. "ಇನ್ನು ಸಂಡಿಗೆ ಎಲ್ಲಿ ಇಡೋದೋ" ಅಂದಳು. ನಾನು ಏನೂ ಹೇಳಲಿಲ್ಲ. ಗೇಟಿನ ಹತ್ತಿರ ಜಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು.

ಮೊನ್ನೆ ಪೇಂಟರ್ ಹುಡುಗ, ಯಾರೂ ಕೇಳದಿದ್ದರೂ, ಮಿಕ್ಕಿದ ಪುಟ್ಟಿ ವೇಸ್ಟ್ ಆಗಬಾರದು ಅಂತ ಮೆಟ್ಟಿಲ ಗೋಡೆಗೆ ಬಳಿದುಬಿಟ್ಟ. ನೀಟಾಗಿ, ಎರಡು ಕೋಟು. ನನ್ನ ಮೊಬೈಲಲ್ಲಿ ಗೋಡೆಯ ಫೋಟೋ ಇದೆ. ಆದರೆ ಮೇಸ್ತ್ರಿ ಅಕ್ಷರ. ನನಗೆ 8 ಅಂತ ಕಾಣೋದೆಲ್ಲಾ ಅವರಿಗೆ 3. ಬಾಕಿಯಲ್ಲಿ 15,000 ರೂಪಾಯಿ ವ್ಯತ್ಯಾಸ.

ಇವತ್ತು ಬೆಳಿಗ್ಗೆ ಅವರನ್ನು ಗೋಡೆ ಮುಂದೆ ನಿಲ್ಲಿಸಿ, "ಈಗೇನ್ರೀ ಮೇಸ್ತ್ರಿ?" ಅಂದೆ. ಬೆರಳಲ್ಲಿ ಗೋಡೆ ತಟ್ಟಿ ನೋಡಿದರು. ಬೇಜಾರೇ ಇಲ್ಲ.

"ಟೆನ್ಷನ್ ಮಾಡ್ಕೋಬೇಡಿ ಸಾರ್. ಮೆಟ್ಟಿಲ ಲೈಟಿಗೆ ಪೈಪು ಇಡೋದು ಆ ಎಲೆಕ್ಟ್ರಿಷಿಯನ್ ಮರೆತಿದ್ದಾನೆ. ನಾಳೆ ಹೆಂಗೂ ಇದನ್ನ ಒಡೀಬೇಕು. ಒಡೆಯೋವಾಗ ನಿಧಾನಕ್ಕೆ ಒಡಿ ಅಂತೀನಿ, ಲೆಕ್ಕ ಸಿಗತ್ತೆ."