ಪದ್ಮಿನಿಗೊಂದು ಕಳ್ಳ ಸ್ವಿಚ್

ಹಳೇ ಪ್ರೀಮಿಯರ್ ಪದ್ಮಿನಿಯ ಬೀಗ ಸವೆದ ಮೇಲೆ ಬೀರುವಿನ ಕೀ ಹಾಕಿದರೂ ತಿರುಗುತ್ತದೆ. ಒಳಗೆ ಕೂತವನಿಗೆ ಇಗ್ನಿಷನ್ ಕೀ ಕೂಡ ಬೇಕಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ, ಸ್ಪಾರ್ಕ್‌ಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಒಂದು ವೈರ್ ಎಳೆದು, ಸ್ಟಾರ್ಟರ್‌ಗೆ ಕರೆಂಟ್ ಮುಟ್ಟಿಸಿದರೆ ಮುಗಿಯಿತು. ನೀವು ಬೆಣ್ಣೆದೋಸೆಗೆ ಆರ್ಡರ್ ಕೊಟ್ಟು ಚಟ್ನಿ ಬರುವಷ್ಟರಲ್ಲಿ ಗಾಡಿ ದಾವಣಗೆರೆಯ ಪಿ.ಬಿ. ರಸ್ತೆ ಹಿಡಿದಿರುತ್ತದೆ.

ಅದಕ್ಕೇ ಕಳ್ಳ ಸ್ವಿಚ್, ಅಂದರೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯಲು ಅಡಗಿಸಿಡುವ ಸ್ವಿಚ್. ಹಾಕಿಸುವವರು ಸಾಮಾನ್ಯವಾಗಿ ತಪ್ಪುವುದು ಒಂದೇ ಕಡೆ: ಸ್ವಿಚ್ ಎಲ್ಲಿ ಅಡಗಿಸಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು ಏನನ್ನು ಕಟ್ ಮಾಡಬೇಕು ಎಂದು ಯೋಚಿಸುವುದಿಲ್ಲ. ಕಳ್ಳನಿಗೆ ‘ಇಲ್ಲೆಲ್ಲೋ ಸ್ವಿಚ್ ಇದೆ’ ಅನ್ನಿಸಬಾರದು, ‘ಇದು ಕೆಟ್ಟ ಗಾಡಿ’ ಅನ್ನಿಸಬೇಕು. ಹಳೇ ಕಾರಿನ ವಿಷಯದಲ್ಲಿ ಇದನ್ನು ನಂಬಿಸುವುದು ಕಷ್ಟವೇನಲ್ಲ.

ಬ್ಯಾಟರಿಯ ನೆಗೆಟಿವ್‌ಗೆ ಹಾಕುವ ತಿರುಪು ಸ್ವಿಚ್ ಈ ಪರೀಕ್ಷೆಯಲ್ಲಿ ಫೇಲ್. ಹಾರ್ನ್ ಇಲ್ಲ, ದೀಪ ಇಲ್ಲ ಎಂದರೆ ಯಾರಾದರೂ ಮೊದಲು ಬಾನೆಟ್ ಎತ್ತುತ್ತಾರೆ, ಹಸಿರು ತಿರುಪು ಹಲ್ಲು ಕಿರಿದು ನಿಂತಿರುತ್ತದೆ. ಸ್ಟಾರ್ಟರ್ 150-200 ಆಂಪ್ ಎಳೆಯುವುದರಿಂದ ಅಗ್ಗದ ಮಾಲು ಬಿಸಿಯಾಗಿ ಸಡಿಲವೂ ಆಗುತ್ತದೆ. ಇಂಜಿನ್ ಓಡುತ್ತಿರುವಾಗ ಅದನ್ನು ತಿರುವಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಸುಟ್ಟುಹೋಗಬಹುದು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಬ್ಯಾಟರಿ ಉಳಿಸಲು ಮಾತ್ರ ಅದು ಒಳ್ಳೆಯದು.

ಸ್ಟಾರ್ಟರ್ ವೈರ್ ಕಟ್ ಮಾಡುವುದು ಇನ್ನೂ ತಮಾಷೆ. ನಮ್ಮ ದಾವಣಗೆರೆಯಲ್ಲಿ ಗಾಡಿ ತಳ್ಳುವ ಪುಣ್ಯಕ್ಕೆ ಜನರ ಕೊರತೆಯಿಲ್ಲ. ಕಳ್ಳ ಕಿಟಕಿಯಿಂದ ತಲೆ ಹಾಕಿ “ಅಣ್ಣಾ, ಸ್ವಲ್ಪ ಕೈ ಹಾಕ್ರಿ” ಎಂದರೆ ಕಾಲೇಜು ಹುಡುಗರು ನಾಲ್ಕು ಮಂದಿ ಬಂದು ನಿಮ್ಮ ಕಾರನ್ನು ಸೆಕೆಂಡ್ ಗೇರಿನಲ್ಲಿ ಕಳಿಸಿಕೊಡುತ್ತಾರೆ.

ಕಾಯಿಲ್‌ಗೆ ಕೀಯಿಂದ ಬರುವ ವೈರನ್ನು ಕಟ್ ಮಾಡಿದರೆ ಗಾಡಿ ನಿಲ್ಲುವುದೇನೋ ನಿಜ, ಆದರೆ ಕಳ್ಳನ ಜಂಪರ್ ವೈರ್ ಬರುವುದೂ ನೇರ ಅಲ್ಲಿಗೇ. ಜಾಣತನ ಇರುವುದು ಕಾಯಿಲಿನ ಇನ್ನೊಂದು ಬದಿಯಲ್ಲಿ, ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಟರ್ಮಿನಲ್‌ನಲ್ಲಿ. ಅಲ್ಲಿಂದ 1.5 ಚದರ ಮಿ.ಮೀ. ಆಟೋ ವೈರ್ ತೆಗೆದು, ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ (ಫೈರ್‌ವಾಲ್) ರಬ್ಬರ್ ಬಳೆ (ಗ್ರಾಮೆಟ್) ಕೂರಿಸಿದ ತೂತಿನಿಂದ ಒಳಗೆ ತಂದು, ಸ್ವಿಚ್ಚಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲು ಬಾಡಿ ಅರ್ತ್‌ಗೆ, ಅಂದರೆ ಗಾಡಿಯ ತಗಡಿಗೆ. ಸ್ವಿಚ್ ಒತ್ತಿದಾಗ, ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್ ತೆರೆದರೂ ಕರೆಂಟ್ ಅರ್ತ್‌ಗೆ ಹರಿಯುತ್ತಲೇ ಇರುತ್ತದೆ, ಸ್ಪಾರ್ಕ್ ಹುಟ್ಟುವುದಿಲ್ಲ. ಸ್ಟಾರ್ಟರ್ ಗರ್ರ್ ಎಂದು ತಿರುಗುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ, ಇಂಜಿನ್ ಮಾತ್ರ ಏಳುವುದಿಲ್ಲ. ಕಳ್ಳ ಕಾರ್ಬುರೇಟರ್‌ಗೆ ಬೈದು ಪಕ್ಕದ ಗಾಡಿಗೆ ಹೋಗುತ್ತಾನೆ. ಸ್ವಿಚ್ ಕೆಟ್ಟು ಸಂಪರ್ಕ ಬಿಟ್ಟರೆ ಗಾಡಿ ಓಡುತ್ತದೆ, ನಿಲ್ಲುವುದಿಲ್ಲ.

ಅಪಾಯ ಇರುವುದು ಆ ವೈರಿನಲ್ಲೇ. ತಗಡಿಗೆ ಉಜ್ಜಿ ಅದರ ತೊಗಟೆ ಹರಿದರೆ ತಾನೇ ಅರ್ತ್ ಆಗಿ, ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವ ಹೊತ್ತಿಗೇ ಇಂಜಿನ್ ಕೈಕೊಡುತ್ತದೆ. ಪಾಯಿಂಟ್ ತೆರೆದಾಗ ಅದರಲ್ಲಿ ಕ್ಷಣಮಾತ್ರ 200-300 ವೋಲ್ಟ್ ಏಳುವುದೂ ಉಂಟು. ಜಾಯಿಂಟಿಗೆ ಬರೀ ಟೇಪ್ ಸುತ್ತಿದ್ದರೆ ಮಳೆಗಾಲದಲ್ಲಿ ಕೈಯಿಟ್ಟವರು ಕಳ್ಳರಲ್ಲದಿದ್ದರೂ ಬೆಚ್ಚಿಬೀಳುತ್ತಾರೆ. ಬೆಸುಗೆ ಹಾಕಿ, ಹೀಟ್ ಸ್ಲೀವ್ ತೊಡಿಸಿ, ಹಳೇ ವೈರಿಂಗ್ ಕಟ್ಟಿನೊಳಗೆ ಸೇರಿಸಿಬಿಡಿ. ಫಳಫಳ ಕೆಂಪು ವೈರ್ ಒಂದೇ ಕಾಯಿಲಿನಿಂದ ಹೊರಟರೆ ಕಳ್ಳನಿಗೆ ದಾರಿ ತೋರಿಸಿದಂತೆ. ಸ್ವಿಚ್ ಹಾಕಿ ಕೀಯನ್ನು ಆನ್‌ನಲ್ಲೇ ಬಿಟ್ಟು ಹೋಗಬೇಡಿ, 4 ಆಂಪ್ ಸತತ ಹರಿದು ಕಾಯಿಲ್ ಬೇಯುತ್ತದೆ.

ಸ್ವಿಚ್ಚಿಗೆ ಜಾಗ? ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸದ ಕಳ್ಳನಿಲ್ಲ. ಮ್ಯಾಟಿನ ಕೆಳಗಿಟ್ಟರೆ ಮೊದಲ ವಾಟರ್ ಸರ್ವೀಸ್‌ಗೆ ತುಕ್ಕು. ದೀಪ ಹೊತ್ತುವ ಸ್ವಿಚ್ಚನ್ನು ಚೆಂದವೆಂದು ತಂದವರ ಗಾಡಿಯಲ್ಲಿ ಅದು ಕತ್ತಲಲ್ಲಿ ‘ನಾನಿಲ್ಲಿದ್ದೀನಿ’ ಎಂದು ಕೂಗುತ್ತಿರುತ್ತದೆ. ಗೋಡೆಗೆ ಹಾಕುವ ಸ್ವಿಚ್ಚೂ ಬೇಡ, 12 ವೋಲ್ಟ್ ಡಿಸಿಗೆಂದೇ ಬರುವ ಟಾಗಲ್ ತನ್ನಿ. ಎಲ್ಲಕ್ಕಿಂತ ಒಳ್ಳೆಯದೆಂದರೆ ಗಾಡಿಯಲ್ಲಿ ಆಗಲೇ ಇರುವ, ಏನೂ ಮಾಡದ ಗುಂಡಿ. ಫಾಗ್ ಲ್ಯಾಂಪ್ ಕಿತ್ತುಹೋದ ಮೇಲೂ ಉಳಿದ ಸ್ವಿಚ್ ಪ್ರತಿ ಹಳೇ ಕಾರಿನಲ್ಲೂ ಒಂದಾದರೂ ಸಿಗುತ್ತದೆ.

ಎರಡನೇ ಕಾವಲು ಬೇಕೆಂದರೆ ಪೆಟ್ರೋಲ್ ಪೈಪಿಗೆ ಹಿತ್ತಾಳೆಯ ಕಾಕ್, ಎರಡೂ ಬದಿ ಕ್ಲಿಪ್ ಬಿಗಿದು, ಕೂರುವ ಜಾಗದ ಹೊರಗೇ. ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನಲ್ಲಿ (ಫ್ಲೋಟ್ ಚೇಂಬರ್) ಉಳಿದಿದ್ದರಲ್ಲಿ ಗಾಡಿ ಸ್ವಲ್ಪ ದೂರ ಓಡಿ, ಜಯದೇವ ಸರ್ಕಲ್‌ನಂಥ ಕಡೆ ಟ್ರಾಫಿಕ್ ಪೊಲೀಸರ ಎದುರೇ ನಿಂತುಬಿಡುತ್ತದೆ. ಕಾಕ್ ತೆರೆಯಲು ಮರೆತ ಮಾಲೀಕನೂ ಅಲ್ಲೇ ನಿಲ್ಲುತ್ತಾನೆ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಇದೆಯೆಂದು ಗಾಡಿಗೆ ಏಳು ಸ್ವಿಚ್ ಹಾಕಿಸಬೇಡಿ, ಕೊನೆಗೆ ಒಳಗೆ ಸಿಕ್ಕಿಬೀಳುವವನು ಪಾಳೆಯಗಾರನೇ.

ಡೀಸೆಲ್ ಅಂಬಾಸಿಡರ್ ಇಟ್ಟವರಿಗೆ ಕಾಯಿಲಿನ ಕಥೆ ಅನ್ವಯಿಸದು, ಅದಕ್ಕೆ ಸ್ಪಾರ್ಕೇ ಬೇಡ, ಡೀಸೆಲ್ಲನ್ನೇ ತಡೆಯಬೇಕು. ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಗಾಡಿಯಾದರೆ ಫ್ಯುಯೆಲ್ ಪಂಪಿನ ರಿಲೇಗೆ ಸ್ವಿಚ್ ಹಾಕಿದರೆ ಸಾಕು.

ಇನ್ನು ಗ್ಯಾರೇಜು. ಸ್ವಿಚ್ ಒತ್ತಿದ್ದನ್ನು ಮರೆತು ಗಾಡಿ ಬಿಟ್ಟು ಬಂದರೆ, ಕಳ್ಳನನ್ನು ನಂಬಿಸಿದ ಗಾಡಿ ಮೇಸ್ತ್ರಿಯನ್ನೂ ನಂಬಿಸುತ್ತದೆ. ಪ್ಲಗ್ ಬದಲು, ಪಾಯಿಂಟ್ ಬದಲು, ಕಂಡೆನ್ಸರ್ ಬದಲು, ಕಾರ್ಬುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಸ್ನಾನ. ಸಂಜೆ ನೀವು ಹೋಗಿ ಕೂತು, ಫಾಗ್ ಲ್ಯಾಂಪ್ ಗುಂಡಿ ಆಫ್ ಮಾಡಿ, ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಮಾಡಿದರೆ ಆತ ಬಿಲ್ಲಿನಲ್ಲಿ ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಬಿಡಲೂಬಾರದು.

ಮನೆಯಲ್ಲಿ ಇನ್ನೊಬ್ಬರಿಗಾದರೂ ಜಾಗ ತಿಳಿದಿರಲಿ. ಮಾರುವಾಗ ಆರ್‌ಸಿ, ಇನ್ಶೂರೆನ್ಸ್ ಜೊತೆ ಕೊಂಡವರ ಕಿವಿಯಲ್ಲೂ ಹೇಳಿ. ಇಲ್ಲವಾದರೆ ಅವರು ಹಿರಿಯೂರಿನಲ್ಲಿ ಟೀಗೆ ಇಳಿದು, ಹೊರಡುವ ಮುಂಚೆ ‘ಇದ್ಯಾವ ಗುಂಡಿ?’ ಎಂದು ಸುಮ್ಮನೆ ಒಮ್ಮೆ ಒತ್ತಿ ನೋಡುತ್ತಾರೆ.